ವಕೀಲಮ್ಮನಿಗೊಂದು ಕಾಗದ: ಓದುವ ಗುಂಪುಗಳ ಪ್ರಶ್ನೆಗಳು

ಮಂಡ್ಯದಲ್ಲಿ ನಾವು ಕೆಲವರು ಭಾನುವಾರ ಸಂಜೆ ಸೇರಿ ಓದುವ ವಿಷಯವನ್ನು ಹೋದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಟೈಲರ್ ಅಂಗಡಿಯ ಮಹಡಿ ಮೇಲೆ ಕೂತು ಸಂವಿಧಾನವನ್ನೋ ಕೂಲಿ ಕಾಯ್ದೆಯನ್ನೋ ಗಟ್ಟಿಯಾಗಿ ಓದುತ್ತೇವೆ, ಏಳುವ ಮೊದಲು ಗುಂಪಿನಲ್ಲಿ ಯಾರಿಗಾದರೂ ಬೇಕಾದ ಒಂದು ಅರ್ಜಿ ಬರೆಯುತ್ತೇವೆ, ಅಷ್ಟೇ ಅದರ ಕಥೆ. ಆ ನಾಲ್ಕು ಸಾಲಿಗೆ ಇಷ್ಟು ಕಾಗದ ಬರುತ್ತವೆಂದು ಎಣಿಸಿರಲಿಲ್ಲ. ಹಾಗಾಗಿ ಈ ಸಲ ಪಾಲು, ಪೋಡಿ, ಚೆಕ್ ಬೌನ್ಸ್ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಓದಿನ ಪ್ರಶ್ನೆಗಳಿಗೆ ಮಾತ್ರ ಉತ್ತರಿಸುತ್ತಿದ್ದೇನೆ. ಬರೆದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ.

ಮೇಡಂ, ನಾವು ಐದು ಜನ ಸ್ನೇಹಿತರು. ಡಿಗ್ರಿ ಮುಗಿಸಿ ಊರಲ್ಲೇ ಇದ್ದೇವೆ. ನಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಗ್ರಂಥಾಲಯದಲ್ಲಿ, ಓದುವ ಗುಂಪು ಮಾಡಬೇಕು ಅಂತ ಆಸೆ. ಅರಳಿಕಟ್ಟೆ ಮೇಲೆ ಕೂತ ಹಿರೀಕರು "ಓದ್ಕಂಡು ಕೂತ್ರೆ ಹೊಟ್ಟೆ ತುಂಬ್ತದೇನ್ಲಾ" ಅಂತಾರೆ. ಮೊದಲು ಯಾವ ಪುಸ್ತಕ ಹಿಡಿಯಬೇಕು?
— ಮದ್ದೂರು ತಾಲ್ಲೂಕಿನಿಂದ

ತಮ್ಮ, ಮೊದಲ ದಿನ ಪುಸ್ತಕ ಬೇಡ. ಐದೂ ಜನ ಮನೆಯಿಂದ ಕಂದಾಯದ ರಸೀದಿ ತನ್ನಿ. ಅದನ್ನು ಗಟ್ಟಿಯಾಗಿ ಓದಿ. ಮನೆಗಂದಾಯದ ಜೊತೆಗೆ ಗ್ರಂಥಾಲಯ ಕರ ಅಂತ ಒಂದು ಬಾಬ್ತು ಇದೆ, ತೆರಿಗೆಯ ಮೇಲೆ ಶೇ 6. ಅದಕ್ಕೆ ಮೂಲ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ. ಅಂದರೆ ನಿಮ್ಮನ್ನು ಗೇಲಿ ಮಾಡುವ ಆ ಹಿರೀಕರೇ ವರ್ಷವರ್ಷವೂ ಪುಸ್ತಕಕ್ಕೆಂದು ದುಡ್ಡು ಕಟ್ಟಿಕೊಂಡು ಬಂದಿದ್ದಾರೆ. ಇದನ್ನು ಅವರಿಗೆ ತೋರಿಸಿ. ಜಗಳಕ್ಕಲ್ಲ. ತಾವು ಕಟ್ಟಿದ ದುಡ್ಡಿನ ಲೆಕ್ಕ ಗೊತ್ತಾದಾಗ ಮನುಷ್ಯ ಕುರ್ಚಿ ಎಳೆದುಕೊಂಡು ಹತ್ತಿರ ಬರುತ್ತಾನೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದೇ ದಿನ ಗುಂಪಿನ ಮೊದಲ ಅರ್ಜಿ ಬರೆಯಿರಿ. ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ನಿಮ್ಮ ಪಂಚಾಯಿತಿಗೆ. ಕಳೆದ ಮೂರು ವರ್ಷದಲ್ಲಿ ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಎಷ್ಟು ಖರ್ಚಾಯಿತು, ಯಾವ ಪುಸ್ತಕ ಕೊಂಡರು. ಒಂದು ಅರ್ಜಿಗೆ ಒಂದೇ ವಿಷಯ, ನೂರೈವತ್ತು ಪದದೊಳಗೆ ಮುಗಿಸಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ, ಕಾರ್ಡಿನ ನಕಲು ಲಗತ್ತಿಸಿದರೆ ಸಾಕು. 30 ದಿನದಲ್ಲಿ ಉತ್ತರ ಬರಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ "ಓದುವ ಬೆಳಕು" ಅಂತ ಕಾರ್ಯಕ್ರಮ ಮಾಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಆದ್ದರಿಂದ ಅಲ್ಲಿ ಕೂತು ಓದಲು ನೀವು ಯಾರ ಮುಲಾಜಿಗೂ ಬೀಳಬೇಕಿಲ್ಲ. ಗ್ರಂಥಾಲಯ ಮೇಲ್ವಿಚಾರಕರನ್ನು ಮಾತ್ರ ಮೊದಲೇ ಕಂಡು ಹೊತ್ತು ಗೊತ್ತು ಮಾಡಿಕೊಳ್ಳಿ. ಅವರ ಸಂಬಳ ಕಡಿಮೆ, ಕೆಲಸ ಜಾಸ್ತಿ. ಅವರನ್ನೂ ಗುಂಪಿಗೆ ಸೇರಿಸಿಕೊಳ್ಳಿ.

ಎರಡನೇ ವಾರದಿಂದ ಸಂವಿಧಾನ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತೇವೆ ಅಂತ ಹೊರಟರೆ ಮೂರನೇ ವಾರಕ್ಕೆ ಇಬ್ಬರು ಉಳಿಯುತ್ತೀರಿ. ಮೂರನೇ ಭಾಗಕ್ಕೆ ನೇರ ಹೋಗಿ: 14, 15, 17, 19, 21, 22, 23ನೇ ವಿಧಿಗಳು. ಒಂದು ವಾರಕ್ಕೆ ಒಂದು ವಿಧಿ ಸಾಕು. 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. ಇದನ್ನು ಕಬ್ಬು ಕಡಿಯುವ ಕಾಲದಲ್ಲಿ ಓದಿ. ಮುಂಗಡ ಕೊಟ್ಟು ಹೊರಗಿನಿಂದ ಕರೆತಂದ ಕಡಿಯುವವರ ಗುಂಪು ನಿಮ್ಮೂರ ಗದ್ದೆ ಬದುವಿನಲ್ಲೇ ಗುಡಾರ ಹಾಕಿಕೊಂಡಿರುತ್ತದೆ. ಮುಂಗಡ ತೀರುವವರೆಗೆ ಬಿಟ್ಟು ಹೋಗುವಂತಿಲ್ಲ ಅಂತ ಯಾರನ್ನಾದರೂ ತಡೆದಿಟ್ಟಿದ್ದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಆ ಸಾಲವೇ ರದ್ದು. ದೂರು ಕೊಡಬೇಕಾದದ್ದು ಜಿಲ್ಲಾಧಿಕಾರಿಗೆ ಅಥವಾ ಉಪವಿಭಾಗಾಧಿಕಾರಿಗೆ. ಓದಿದ ವಿಧಿ ಬದುವಿನ ಮೇಲೆ ಕೂತಿರುವುದು ಕಂಡ ಮೇಲೆ ಯಾರೂ ಹೊಟ್ಟೆ ತುಂಬ್ತದಾ ಅಂತ ಕೇಳುವುದಿಲ್ಲ.

ಇಷ್ಟಾದ ಮೇಲೆ ಪುಸ್ತಕ ಬೇಕೆನಿಸಿದರೆ ನಿವೃತ್ತ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಅವರ "ಸಂವಿಧಾನ ಓದು" ಹಿಡಿಯಿರಿ. ಗುಂಪಿನಲ್ಲಿ ಓದಲು ಹೇಳಿ ಮಾಡಿಸಿದ ಕನ್ನಡ ಅದರದು. ನಮ್ಮ ಗುಂಪಿನ ಒಂದು ಕಟ್ಟಳೆಯನ್ನು ನೀವೂ ಇಟ್ಟುಕೊಳ್ಳಿ: ಒಬ್ಬರು ಒಂದು ಪ್ಯಾರಾ ಓದಬೇಕು, ಪಕ್ಕದವರು ಅದನ್ನು ತಮ್ಮ ಮನೆಮಾತಿನಲ್ಲಿ ಹೇಳಬೇಕು, ಆಮೇಲೆ ಮುಂದಿನ ಪ್ಯಾರಾ. ಭಾಷಣ ಯಾರೂ ಮಾಡಕೂಡದು. ಚೆನ್ನಾಗಿ ಮಾತಾಡುವ ಒಬ್ಬನೇ ಒಬ್ಬ ಸಾಕು, ಓದುವ ಗುಂಪನ್ನು ಕೇಳುವ ಗುಂಪು ಮಾಡಿಬಿಡುತ್ತಾನೆ.

ಅಕ್ಕ, ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಹದಿನೈದು ಜನ ಇದ್ದೀವಿ. ಸಲೀಸಾಗಿ ಓದಕ್ಕೆ ಬರೋದು ಮೂರು ಜನಕ್ಕೆ. ಅರ್ಧ ಜನ ಗಾರ್ಮೆಂಟ್ಸ್‌ಗೆ ಹೋಗ್ತೀವಿ, ವ್ಯಾನ್ ಬೆಳಿಗ್ಗೆ ಆರೂವರೆಗೇ ಬರುತ್ತೆ. ಓದಕ್ಕೆ ಬರದೇ ಇರೋರು ಓದೋ ಗುಂಪು ಮಾಡಬೌದಾ? ಟೈಮ್ ಎಲ್ಲಿಂದ ತರೋದು?
— ಶ್ರೀರಂಗಪಟ್ಟಣ ತಾಲ್ಲೂಕಿನಿಂದ

ಮಾಡಬಹುದು ತಾಯಿ, ಖಂಡಿತ ಮಾಡಬಹುದು. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆ ಊರವರು ಸೇರಿ ವಿರಾಟಪರ್ವ ಓದಿಸುತ್ತಿದ್ದರು, ನಿಮ್ಮ ಅಜ್ಜಿಯರನ್ನು ಕೇಳಿ. ಓದುತ್ತಿದ್ದವರು ಒಬ್ಬರು, ಅರ್ಥ ಹೇಳುತ್ತಿದ್ದವರು ಇನ್ನೊಬ್ಬರು, ಕೇಳುತ್ತಿದ್ದದ್ದು ಊರಿಗೆ ಊರೇ. ಅಕ್ಷರ ಬಾರದ ಹೆಂಗಸರು ಯಾವ ಪದ್ಯದಲ್ಲಿ ಯಾರು ಏನೆಂದರು ಅಂತ ತಪ್ಪಿಲ್ಲದೆ ಹೇಳುತ್ತಿದ್ದರು. ಆ ಪದ್ಧತಿಯನ್ನೇ ಹಿಡಿಯಿರಿ. ಮೂರು ಜನ ಓದಲಿ, ಹನ್ನೆರಡು ಜನ ಕೇಳಿ ಪ್ರಶ್ನೆ ಹಾಕಲಿ. ನಮ್ಮ ಗುಂಪಿನಲ್ಲಿ ಅತಿ ಗಟ್ಟಿ ಪ್ರಶ್ನೆ ಕೇಳುವಾಕೆ ಹೂ ಕಟ್ಟುವವಳು, ಹೆಬ್ಬೆಟ್ಟು ಒತ್ತುವವಳು. ಕಾಯ್ದೆಯಲ್ಲಿ "ಸಮಂಜಸ ಕಾರಣವಿದ್ದಲ್ಲಿ" ಅಂತ ಬಂದರೆ ಸಾಕು, "ಸಮಂಜಸ ಅಂತ ತೀರ್ಮಾನ ಮಾಡೋನು ಯಾರು?" ಅನ್ನುತ್ತಾಳೆ. ಹೈಕೋರ್ಟಿನಲ್ಲೂ ಅದೇ ಪ್ರಶ್ನೆಯ ಮೇಲೆ ದಿನಗಟ್ಟಲೆ ವಾದ ನಡೆಯುತ್ತದೆ.

ಹೊತ್ತಿನ ವಿಷಯಕ್ಕೆ ಬರೋಣ. ಸಂಘದ ವಾರದ ಸಭೆ ಹೇಗೂ ಇದೆ. ಉಳಿತಾಯದ ದುಡ್ಡು ಎಣಿಸಿದ ಮೇಲೆ ಅರ್ಧ ಗಂಟೆ ಕೂರಿ. ನೀವು ಮೊದಲು ಓದಬೇಕಾದದ್ದು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ. ವಿಶ್ವಸಂಸ್ಥೆ 1948ರ ಡಿಸೆಂಬರ್ 10ರಂದು ಒಪ್ಪಿಕೊಂಡದ್ದು. ಕನ್ನಡದಲ್ಲಿ ಸಿಗುತ್ತದೆ, ಇರುವುದೇ 30 ವಿಧಿ. ಅದರಲ್ಲಿ 24ನೆಯದನ್ನು ಮೊದಲು ಓದಿಸಿ. ವಿಶ್ರಾಂತಿ ಮತ್ತು ಬಿಡುವು ಪ್ರತಿಯೊಬ್ಬರ ಹಕ್ಕು, ದುಡಿಮೆಯ ಗಂಟೆಗೆ ಒಂದು ಮಿತಿ ಇರಬೇಕು, ಆಗಾಗ ಸಂಬಳದ ಜೊತೆ ರಜೆ ಸಿಗಬೇಕು ಅನ್ನುತ್ತದೆ ಅದು. ಈ ವಿಧಿಯನ್ನು ನಮ್ಮಲ್ಲಿ ಓದಿದಾಗ ಮನೆಗೆಲಸಕ್ಕೆ ಹೋಗುವ ಒಬ್ಬಾಕೆ ಇನ್ನೊಂದು ಸಲ ಓದಿ ಅಂದಳು. ಓದಿದೆವು. "ಇದು ನನಗೂ ಸೇರ್ತದಾ?" ಅಂತ ಕೇಳಿದಳು. ಸೇರುತ್ತದೆ. ನಿಮಗೂ ಸೇರುತ್ತದೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಮುದ್ದೆ ಸಾರು ಮಾಡಿಟ್ಟು ವ್ಯಾನ್ ಹತ್ತಿ, ಸಂಜೆ ಬಂದು ಹಸು ಕರೆದು, ಮತ್ತೆ ಒಲೆ ಮುಂದೆ ಕೂರುವ ಹೆಂಗಸಿಗೆ ಬಿಡುವು ಒಂದು ಹಕ್ಕು ಅಂತ ಹೇಳಿದವರೇ ಇಲ್ಲ. ಟೈಮ್ ಎಲ್ಲಿಂದ ತರೋದು ಅಂತ ಕೇಳಿದಿರಲ್ಲ, ಆ ಪ್ರಶ್ನೆಯನ್ನೇ ಗುಂಪಿನ ಮುಂದಿಡಿ. ಮನೆಯಲ್ಲಿ ಇನ್ನೊಬ್ಬರು ಆ ಅರ್ಧ ಗಂಟೆ ಒಲೆ ನೋಡಿಕೊಂಡರೆ ಓದು ಅಲ್ಲೇ ಶುರುವಾಯಿತು.

ಮುಂದಿನ ವಾರ ಗಾರ್ಮೆಂಟ್ಸ್‌ಗೆ ಹೋಗುವವರೆಲ್ಲ ಸಂಬಳದ ಚೀಟಿ ತನ್ನಿ. ಓಟಿ ಎಷ್ಟು ಗಂಟೆ, ಕೊಟ್ಟದ್ದೆಷ್ಟು, ಪಿಎಫ್ ಎಷ್ಟು ಹಿಡಿದಿದ್ದಾರೆ, ಇಎಸ್‌ಐ ಎಷ್ಟು ಹಿಡಿದಿದ್ದಾರೆ, ಒಂದೊಂದೇ ಸಾಲು ಓದಿ. ಹೆಚ್ಚುವರಿ ದುಡಿಮೆಗೆ ಮಾಮೂಲು ಕೂಲಿಯ ಎರಡರಷ್ಟು ಕೊಡಬೇಕು ಅನ್ನುವುದು ಕಾನೂನು. ಚೀಟಿಯೇ ಕೊಟ್ಟಿಲ್ಲವಾದರೆ ಗುಂಪಿನ ಮೊದಲ ಅರ್ಜಿ ಅದಕ್ಕೇ ಆಗಲಿ. ಒಬ್ಬರ ಸಹಿ ಹಾಕಬೇಡಿ, ಎಲ್ಲರೂ ಹಾಕಿ. ಒಂಟಿ ಸಹಿಯವಳನ್ನು ಲೈನ್‌ನಲ್ಲಿ ಗುರುತಿಟ್ಟುಕೊಂಡು ಕಾಡುತ್ತಾರೆ.

ಇನ್ನೊಂದು ಮಾತು ಹೇಳಲೇಬೇಕು, ನಮ್ಮ ಜಿಲ್ಲೆಯವರೆಂದು ಹೇಳುತ್ತಿದ್ದೇನೆ. 2023ರ ನವೆಂಬರಿನಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಬೆಲ್ಲ ಬೇಯುವ ಜಾಗದಲ್ಲಿ! ಆ ಸುದ್ದಿ ಬಂದ ವಾರ ನಾವು 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯನ್ನು ಓದಿದೆವು. ಗುಂಪಿನ ಹೆಂಗಸರಿಗೆ ಇದ್ದ ಹೆದರಿಕೆ ಒಂದೇ, ದೂರು ಕೊಟ್ಟರೆ ಸೊಸೆಯೂ ಜೈಲಿಗೆ ಹೋಗುತ್ತಾಳೆ ಅಂತ. ಕಾಯ್ದೆಯ 24ನೇ ಪ್ರಕರಣ ಓದಿದ ಮೇಲೆ ಆ ಹೆದರಿಕೆ ಹೋಯಿತು. ಬಸುರಿಯನ್ನು ಗಂಡನೋ ಮನೆಯವರೋ ಬಲವಂತ ಮಾಡಿದ್ದಾರೆ ಎಂದೇ ನ್ಯಾಯಾಲಯ ಭಾವಿಸಬೇಕು, ಹಾಗಲ್ಲ ಅನ್ನುವವರು ಅದನ್ನು ಸಾಬೀತು ಮಾಡಬೇಕು. ಬಲವಂತಕ್ಕೆ ಒಳಗಾದವಳಿಗೆ ಶಿಕ್ಷೆ ಇಲ್ಲ. ಈ ಒಂದು ಪುಟವನ್ನು ನಿಮ್ಮ ಸಂಘದಲ್ಲಿ ಓದಿ, ಅಂಗನವಾಡಿ ಗೋಡೆಗೆ ಅಂಟಿಸಿ. ಎಷ್ಟೋ ಮನೆಗಳಲ್ಲಿ ಸೊಸೆಯಂದಿರು ಬಾಯಿಬಿಡದೆ ಇರುವುದು ಈ ಪುಟ ಅವರವರೆಗೆ ಬಂದಿಲ್ಲದ ಕಾರಣಕ್ಕೆ.

ಮೇಡಂ, ನಾನು ಬಿ.ಎ. ವಿದ್ಯಾರ್ಥಿ. ನಮ್ಮ ಗುಂಪಿನಲ್ಲಿ ಎಂಟು ಜನ, ಎಲ್ಲ ಜಾತಿಯವರೂ ಇದ್ದೇವೆ. ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಅಂಬೇಡ್ಕರ್ ಓದುತ್ತಿದ್ದೇವೆ. ನನ್ನ ಸರದಿ ಬಂದಾಗ ನಮ್ಮ ಕೇರಿಗೆ ಇಬ್ಬರು ಬರಲಿಲ್ಲ, ಬಂದ ಒಬ್ಬ ಟೀ ಮುಟ್ಟಲಿಲ್ಲ. ಇನ್ನೊಬ್ಬನ ಮನೆಯಲ್ಲಿ ನನಗೆ ಮಾತ್ರ ಪ್ಲಾಸ್ಟಿಕ್ ಲೋಟ. ಸ್ನೇಹ ಕೆಡುತ್ತದೆ ಅಂತ ಸುಮ್ಮನಿದ್ದೇನೆ. ಏನು ಮಾಡಲಿ?
— ತಿ. ನರಸೀಪುರ ತಾಲ್ಲೂಕಿನಿಂದ

ಮಗು, ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಸ್ನೇಹ ಕೆಡುತ್ತದೆ ಅನ್ನುವ ಹೊರೆಯನ್ನು ನೀನೊಬ್ಬನೇ ಯಾಕೆ ಹೊತ್ತಿದ್ದೀಯ? ಆ ಲೋಟ ತಂದಿಟ್ಟವರು ಹೊರಬೇಕಾದದ್ದು ಅದು.

1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯಲ್ಲಿ ಏನಾಯಿತು ಅಂತ ನೀವು ಓದಿರುತ್ತೀರಿ. ಸಾರ್ವಜನಿಕ ಕೆರೆ ಬಾವಿಗಳನ್ನು ಎಲ್ಲರೂ ಬಳಸಬಹುದು ಅಂತ ಮುಂಬಯಿ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. ಮಹಾಡದ ಪುರಸಭೆ ಮಾರನೇ ವರ್ಷ ಅದನ್ನು ಒಪ್ಪಿಯೂ ಇತ್ತು. ಕಾಗದದ ಮೇಲೆ ಎಲ್ಲವೂ ಸರಿ. ಆದರೆ ದಲಿತರಲ್ಲಿ ಒಬ್ಬರೂ ಹೋಗಿ ನೀರು ಮುಟ್ಟಿರಲಿಲ್ಲ. ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದುಹೋಗಿ ಬೊಗಸೆ ನೀರು ಕುಡಿದರು. ಅದಕ್ಕೆ ಏಟು ಬಿತ್ತು, ಕೇಸು ಬಿತ್ತು, ಮುಂಬಯಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟದ್ದು 1937ರಲ್ಲಿ. ಈ ಚರಿತ್ರೆ ಓದುವ ಗುಂಪಿನಲ್ಲಿ ನಿನಗೆ ಬೇರೆ ಲೋಟ ಕೊಟ್ಟರೆ ಆ ಗುಂಪು ಇನ್ನೂ ಓದು ಶುರು ಮಾಡಿಲ್ಲ ಅಂತಲೇ ಅರ್ಥ.

ಏನು ಮಾಡಬೇಕು ಅಂತ ಕೇಳಿದ್ದೀಯ. ಮೊದಲು ಒಬ್ಬರ ಜೊತೆ ಮಾತಾಡು, ಗುಂಪಿನಲ್ಲಿ ನಿನಗೆ ಅತಿ ಹತ್ತಿರದವರು ಯಾರೋ ಅವರ ಜೊತೆ. ಮುಂದಿನ ಸಲ ಸಂವಿಧಾನದ 17ನೇ ವಿಧಿ, ಅಸ್ಪೃಶ್ಯತೆಯನ್ನು ರದ್ದು ಮಾಡಿದ್ದು, ಓದುವಂತೆ ಅವರೇ ಸೂಚಿಸಲಿ. ಓದಿದ ಮೇಲೆ ಪ್ರತಿಯೊಬ್ಬರೂ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು: ನನ್ನ ಮನೆಯಲ್ಲಿ ಯಾರಿಗೆ ಯಾವ ಲೋಟ, ಯಾರು ಎಲ್ಲಿಯವರೆಗೆ ಬರಬಹುದು? ಇದನ್ನು ನೀನು ಕೇಳಬೇಡ. ನೀನು ಕೇಳಿದರೆ ಅವರು ನಿನಗೆ ಉತ್ತರ ಹೇಳುತ್ತಾರೆ, ಬೇರೆಯವರು ಕೇಳಿದರೆ ತಮ್ಮತಮ್ಮೊಳಗೆ ಹೇಳಿಕೊಳ್ಳಬೇಕಾಗುತ್ತದೆ. ನಮ್ಮ ಗುಂಪಿನಲ್ಲಿ ಈ ಸಂಜೆ ನಡೆದಾಗ ಒಬ್ಬರು ಎದ್ದು ಹೊರಟುಹೋದರು, ವಾಪಸು ಬರಲಿಲ್ಲ. ಇನ್ನೊಬ್ಬ ಹುಡುಗ ಮನೆಗೆ ಹೋಗಿ ಅವ್ವನ ಜೊತೆ ಮೂರು ತಿಂಗಳು ಜಗಳವಾಡಿ ಲೋಟ ಒಂದು ಮಾಡಿಸಿದ. ಹೊರಟುಹೋದವರ ಬಗ್ಗೆ ನನಗೆ ಬೇಸರವಿದೆ, ಆದರೆ ಅವರನ್ನು ಉಳಿಸಿಕೊಳ್ಳಲು ಆ ಸಂಜೆಯನ್ನು ಬಿಟ್ಟುಕೊಡುತ್ತಿರಲಿಲ್ಲ.

ಗುಂಪು ಸೇರುವ ಜಾಗವನ್ನೂ ಬದಲಾಯಿಸಿ. ಎರಡು ವಾರ ನಿಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ, ಎರಡು ವಾರ ಗ್ರಂಥಾಲಯದಲ್ಲಿ. ಕೇರಿಗೆ ಬರಲಾರದವರಿಗೆ ಗುಂಪಿನಲ್ಲಿ ಜಾಗವಿಲ್ಲ ಅಂತ ಎಲ್ಲರೂ ಸೇರಿ ಗೊತ್ತು ಮಾಡಿ.

ಕಾನೂನು ಗೊತ್ತಿರಲಿ. ಹೋಟೆಲಿನಲ್ಲೋ ಕ್ಷೌರದಂಗಡಿಯಲ್ಲೋ ದೇವಸ್ಥಾನದಲ್ಲೋ ಹೀಗಾದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಜಾತಿ ಹಿಡಿದು ಬೈದು ಅವಮಾನ ಮಾಡಿದರೆ ದಿನಾಂಕ, ಹೊತ್ತು, ಯಾರಿದ್ದರು ಅನ್ನುವುದನ್ನು ಅದೇ ದಿನ ಬರೆದಿಟ್ಟುಕೋ. ಸ್ನೇಹಿತರ ಮನೆಯ ಲೋಟಕ್ಕೆ ಠಾಣೆ ಮೊದಲ ಮೆಟ್ಟಿಲಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಅದು ನಿನ್ನ ತೀರ್ಮಾನ, ನನ್ನದೂ ಅಲ್ಲ, ಗುಂಪಿನದೂ ಅಲ್ಲ. ಸುಮ್ಮನಿರು ಅಂತ ಮಾತ್ರ ನಾನು ಹೇಳುವುದಿಲ್ಲ.

ಗುಂಪಿನಲ್ಲಿ ಹನ್ನೆರಡು ಜನ, ಪುಸ್ತಕ ಒಂದೇ. ಜೆರಾಕ್ಸ್ ಮಾಡಿಸಿ ಹಂಚಬಹುದೇ? ಇಬ್ಬರಿಗೆ ಕಣ್ಣು ಕಾಣುವುದಿಲ್ಲ, ಅವರಿಗೆ ಏನು ಮಾಡಬೇಕು?
— ಮೈಸೂರು, ಸರಸ್ವತಿಪುರಂ

ಇಡೀ ಪುಸ್ತಕ ಜೆರಾಕ್ಸ್ ಬೇಡ, ಬರೆದವರ ಹೊಟ್ಟೆಯ ಮೇಲೆ ಹೊಡೆದಂತೆ. ಒಂದೇ ಪ್ರತಿಯಿಂದ ಗಟ್ಟಿಯಾಗಿ ಓದಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಅಂಬೇಡ್ಕರ್ ತೀರಿಕೊಂಡದ್ದು 1956ರಲ್ಲಿ, ಆದ್ದರಿಂದ ಅವರು ಬದುಕಿದ್ದಾಗ ಪ್ರಕಟಿಸಿದ ಮೂಲ ಬರಹಗಳು 2017ರ ಜನವರಿಯಿಂದ ಎಲ್ಲರ ಸ್ವತ್ತು. ಅನುವಾದಕ್ಕೆ ಅನುವಾದಕರ ಹಕ್ಕು ಬೇರೆ ಇರುತ್ತದೆ, ನೋಡಿಕೊಳ್ಳಿ. ಕಾಯ್ದೆಗಳನ್ನು ಸರ್ಕಾರದ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು.

ಕಣ್ಣು ಕಾಣದವರಿಗಾಗಿ ಮಾತ್ರ ಪೂರ್ತಿ ಪುಸ್ತಕವನ್ನು ದನಿಮುದ್ರಣ ಮಾಡಬಹುದು, ಬ್ರೈಲ್ ಮಾಡಬಹುದು. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಅದಕ್ಕೆ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ಭಾರತ. ವಾರಕ್ಕೊಂದು ಅಧ್ಯಾಯವನ್ನು ಫೋನಿನಲ್ಲೇ ಓದಿ ದನಿಮುದ್ರಿಸಿ ಆ ಇಬ್ಬರಿಗೆ ಮುಂಚೆಯೇ ಕಳಿಸಿ. ಅವರು ಉಳಿದವರಿಗಿಂತ ಚೆನ್ನಾಗಿ ತಯಾರಾಗಿ ಬರುತ್ತಾರೆ.

ನನ್ನ ಮಗಳು ಎಂ.ಎ. ಓದುತ್ತಿದ್ದಾಳೆ. ಮಾನವ ಹಕ್ಕುಗಳ ಪುಸ್ತಕ ಓದುವ ಗುಂಪಿಗೆ ಹೋಗುತ್ತಾಳೆ. ಹೋದ ತಿಂಗಳು ಯಾರೋ ಒಬ್ಬರು ಬಂದು ಅಲ್ಲಿ ಯಾರ್ಯಾರು ಸೇರುತ್ತಾರೆ, ಏನು ಓದುತ್ತಾರೆ ಅಂತ ವಿಚಾರಿಸಿಕೊಂಡು ಹೋದರಂತೆ. ನಾನು ಸಣ್ಣ ನೌಕರ. ಹೆದರಿಕೆಯಾಗುತ್ತದೆ. ಬಿಡಿಸಲೇ?
— ಮೈಸೂರು, ಕುವೆಂಪುನಗರ

ಬಿಡಿಸಬೇಡಿ ಸ್ವಾಮಿ. ನಿಮ್ಮ ಹೆದರಿಕೆ ಅರ್ಥವಾಗುತ್ತದೆ, ಹೆಣ್ಣುಮಗಳನ್ನು ಸಾಕಿದ ಅಪ್ಪನಿಗೆ ಅದು ಸಹಜ. ಆದರೆ ಹೆದರಿಕೆಗೆ ಮದ್ದು ಕಾನೂನನ್ನು ತಿಳಿದುಕೊಳ್ಳುವುದು. ಒಂದೊಂದಾಗಿ ಹೇಳುತ್ತೇನೆ.

ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ಹತ್ತು ಜನ ಕೂತು ಓದಲು ಯಾರ ಅನುಮತಿಯೂ ಬೇಡ. ಸಂವಿಧಾನದ 19ನೇ ವಿಧಿಯಲ್ಲಿ ಮಾತಾಡುವ, ಆಯುಧವಿಲ್ಲದೆ ಶಾಂತಿಯಿಂದ ಸೇರುವ, ಸಂಘ ಕಟ್ಟುವ ಸ್ವಾತಂತ್ರ್ಯ ಇದೆ. ನಿಷೇಧಾಜ್ಞೆ ಜಾರಿಯಲ್ಲಿದ್ದಾಗ ಪಾರ್ಕಿನಲ್ಲಿ, ರಸ್ತೆಯಲ್ಲಿ ಸೇರುವುದು ಬೇಡ, ಅಷ್ಟು ಎಚ್ಚರ ಇರಲಿ. ಈ ಸ್ವಾತಂತ್ರ್ಯ ನಮ್ಮ ಸೀಮೆಗೆ ಪುಕ್ಕಟೆ ಬಂದದ್ದಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನವರು ಬಾವುಟ ಹಾರಿಸಬಾರದು ಅಂತ ಅಪ್ಪಣೆ ಹೊರಟಿತ್ತು. ಹಾರಿಸಿದರು, ಜೈಲಿಗೆ ಹೋದರು. ಬೆಂಗಳೂರಿಗೆ ಹೋಗುವಾಗ ಹೆದ್ದಾರಿ ಬದಿಯ ಸತ್ಯಾಗ್ರಹ ಸೌಧವನ್ನು ಮಗಳಿಗೆ ತೋರಿಸಿ.

ಪುಸ್ತಕ ಇಟ್ಟುಕೊಳ್ಳುವುದು ಅಪರಾಧವೇ? ಸರ್ಕಾರ ಒಂದು ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಳ್ಳಬೇಕಾದರೆ ಕಾರಣ ಬರೆದು ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಬೇಕು. ಹಳೆಯ ದಂಡಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 98ನೇ ಪ್ರಕರಣ. ಅದನ್ನು ಎರಡು ತಿಂಗಳೊಳಗೆ ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು. ಅಂಥ ಅಧಿಸೂಚನೆ ಇಲ್ಲದ ಪುಸ್ತಕ, ಅಂಗಡಿಯಲ್ಲಿ ಬಿಲ್ ಹಾಕಿ ಮಾರುವ ಪುಸ್ತಕ, ನಿಮ್ಮ ಮಗಳ ಕಪಾಟಿನಲ್ಲಿ ಇದ್ದರೆ ಅದು ತಪ್ಪಲ್ಲ. ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆ ಹೇಳುತ್ತೇನೆ. ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬನನ್ನು 2012ರಲ್ಲಿ ನಕ್ಸಲ್ ನಂಟಿನ ಆರೋಪದ ಮೇಲೆ ಬಂಧಿಸಿದರು, ಜೊತೆಗೆ ಅವನ ತಂದೆಯನ್ನೂ. ವಶಪಡಿಸಿಕೊಂಡದ್ದರಲ್ಲಿ ಭಗತ್ ಸಿಂಗ್ ಬಗೆಗಿನ ಪುಸ್ತಕವಿತ್ತು, ಪತ್ರಿಕೆಗಳ ತುಣುಕುಗಳಿದ್ದವು. 2021ರ ಅಕ್ಟೋಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ಬಿಡುಗಡೆ ಮಾಡಿತು. ಇಂಥ ಪುಸ್ತಕ, ಪತ್ರಿಕೆ ಇಟ್ಟುಕೊಳ್ಳುವುದಕ್ಕೆ ಕಾನೂನಿನ ಅಡ್ಡಿ ಇಲ್ಲ ಅಂತ ಹೇಳಿತು. ತೀರ್ಪು ಸರಿಯಾಗಿಯೇ ಬಂತು. ಆದರೆ ಆ ಹುಡುಗನ ಒಂಬತ್ತು ವರ್ಷ ಹೋಯಿತಲ್ಲ, ಅದರ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮತ್ತೆ ಯಾರಾದರೂ ವಿಚಾರಿಸಲು ಬಂದರೆ ಹೆಸರು, ಠಾಣೆ, ಗುರುತಿನ ಚೀಟಿ ಕೇಳಲಿ. ಸಭ್ಯವಾಗಿ ಕೇಳಲಿ. ಸಾಕ್ಷಿಯಾಗಿ ವಿಚಾರಿಸಬೇಕಾದರೆ ಲಿಖಿತ ನೋಟಿಸ್ ಬೇಕು, ಮತ್ತು ಹೆಂಗಸರನ್ನು ಅವರು ವಾಸಿಸುವ ಜಾಗದಲ್ಲೇ ವಿಚಾರಿಸಬೇಕು, ಠಾಣೆಗೆ ಬಾ ಅನ್ನುವಂತಿಲ್ಲ. ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ಬಂಧನದ ಮೆಮೊಗೆ ಸಾಕ್ಷಿ ಸಹಿ ಹಾಕಿಸಬೇಕು. ಡಿ.ಕೆ. ಬಸು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ನಿಯಮಗಳಿವು. 22ನೇ ವಿಧಿಯಂತೆ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಉಂಟು, ಕರೆ ಮಾಡಬೇಕಾದ ಸಂಖ್ಯೆ 15100.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಗುಂಪಿನವರೆಲ್ಲ ಪರ್ಸಿನಲ್ಲಿ ಇಟ್ಟುಕೊಳ್ಳಲಿ. ಅದಕ್ಕಿಂತ ಮುಖ್ಯವಾಗಿ, ಒಂದು ಭಾನುವಾರ ಮಗಳ ಜೊತೆ ನೀವೇ ಹೋಗಿ ಕೂತು ಬನ್ನಿ. ಏನು ಓದುತ್ತಾರೆ ಅಂತ ವಿಚಾರಿಸಿಕೊಂಡು ಹೋದವರಿಗಿಂತ ನಿಮಗೆ ಚೆನ್ನಾಗಿ ಗೊತ್ತಿರಬೇಕಲ್ಲವೇ?

ನಾನು ಪ್ರೌಢಶಾಲೆ ಶಿಕ್ಷಕ. 2023ರಿಂದ ದಿನಾ ಬೆಳಿಗ್ಗೆ ಮಕ್ಕಳಿಂದ ಸಂವಿಧಾನದ ಪೀಠಿಕೆ ಓದಿಸುತ್ತೇವೆ. ಬಾಯಿಪಾಠವಾಗಿಬಿಟ್ಟಿದೆ. ಇದರಿಂದ ಉಪಯೋಗ ಉಂಟೇ?
— ನಂಜನಗೂಡು

ಉಂಟು ಮೇಷ್ಟ್ರೇ. ಬಾಯಿಪಾಠವನ್ನು ಕಡೆಗಣಿಸಬೇಡಿ, ಮಗ್ಗಿಯನ್ನೂ ನಾವು ಬಾಯಿಪಾಠವಾಗಿಯೇ ಕಲಿತದ್ದು, ಅಂಗಡಿಗೆ ಹೋದಾಗ ಅದರ ಬೆಲೆ ತಿಳಿಯಿತು. ಮಕ್ಕಳಿಗೆ ಆ ಅಂಗಡಿಯನ್ನು ತೋರಿಸಿ. ಶನಿವಾರ ಒಂದು ಪೀರಿಯಡ್ ಇದಕ್ಕಿಡಿ. ಬಿಸಿಯೂಟಕ್ಕೆ ಯಾರ ಪಕ್ಕ ಯಾರು ಕೂರುತ್ತಾರೆ, ಶೌಚಾಲಯ ತೊಳೆಯಲು ಯಾವ ಮಕ್ಕಳನ್ನು ಕರೆಯುತ್ತಾರೆ, ಹುಡುಗಿಯರು ಯಾಕೆ ಕಬಡ್ಡಿ ಆಡುವುದಿಲ್ಲ, ಇವನ್ನು ಮಕ್ಕಳೇ ಪಟ್ಟಿ ಮಾಡಲಿ. ಪೀಠಿಕೆಯ ಸಮಾನತೆ, ಭ್ರಾತೃತ್ವವನ್ನು ಆ ಪಟ್ಟಿಯ ಪಕ್ಕದಲ್ಲಿಟ್ಟು ಓದಿಸಿ. ಮುಖ್ಯೋಪಾಧ್ಯಾಯರಿಗೆ ಮಕ್ಕಳಿಂದ ಒಂದು ಮನವಿ ಬರೆಸಿ. ಮಕ್ಕಳು ಕಠಿಣ ಪ್ರಶ್ನೆ ಕೇಳುತ್ತಾರೆ, ಅದಕ್ಕೆ ನೀವು ಸಿದ್ಧರಿರಬೇಕು.

ನಾನು ಅಂಚೆ ಇಲಾಖೆಯಿಂದ ನಿವೃತ್ತ. ಮನೆಯಲ್ಲಿ ನಾನೂರರಷ್ಟು ಪುಸ್ತಕಗಳಿವೆ. ಮಕ್ಕಳು ವಿದೇಶದಲ್ಲಿದ್ದಾರೆ, ಓದುವವರಿಲ್ಲ. ಮಾನವ ಹಕ್ಕುಗಳಿಗೆ ಉಪಯೋಗವಾಗುವಂತೆ ಯಾರಿಗೆ ಕೊಡಲಿ?
— ಮೈಸೂರು, ಜಯಲಕ್ಷ್ಮೀಪುರಂ

ನಿಮ್ಮ ಕಾಗದ ಓದಿ ಸಂತೋಷವಾಯಿತು. ಬಸ್ ಕಂಡಕ್ಟರ್ ಆಗಿದ್ದ ಅಂಕೇಗೌಡರು ಪಾಂಡವಪುರದ ಹರಳಹಳ್ಳಿಯಲ್ಲಿ ಲಕ್ಷಗಟ್ಟಲೆ ಪುಸ್ತಕದ ಮನೆ ಕಟ್ಟಿದ ನಾಡು ಇದು. 2021ರ ಏಪ್ರಿಲ್‌ನಲ್ಲಿ ಮೈಸೂರಿನ ರಾಜೀವ್‌ನಗರದಲ್ಲಿ ಕೂಲಿಕಾರ್ಮಿಕರೊಬ್ಬರು ನಡೆಸುತ್ತಿದ್ದ ಗ್ರಂಥಾಲಯ ಸುಟ್ಟುಹೋದಾಗ ಎಲ್ಲೆಲ್ಲಿಂದಲೋ ಜನ ದುಡ್ಡು ಕಳಿಸಿದರು, ಪುಸ್ತಕ ಕೊಡಲು ಮುಂದೆ ಬಂದರು. ಕೊಡುವ ಕೈ ನಮ್ಮಲ್ಲಿ ಕಡಿಮೆ ಇಲ್ಲ.

ನನ್ನನ್ನು ಕೇಳಿದರೆ ಒಂದು ಪಾಲನ್ನು ಜೈಲಿಗೆ ಕೊಡಿ. ಮೈಸೂರು ಕೇಂದ್ರ ಕಾರಾಗೃಹ, ಮಂಡ್ಯದ ಜಿಲ್ಲಾ ಕಾರಾಗೃಹ, ಎರಡರ ಅಧೀಕ್ಷಕರಿಗೂ ಪುಸ್ತಕದ ಪಟ್ಟಿ ಲಗತ್ತಿಸಿ ಪತ್ರ ಬರೆಯಿರಿ. ನಮ್ಮ ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು, ತಪ್ಪು ಮಾಡಿದ್ದಾರೆ ಅಂತ ಇನ್ನೂ ತೀರ್ಮಾನವಾಗದವರು. ಅವರಿಗೆ ಹೊತ್ತು ಕಳೆಯುವುದೇ ದೊಡ್ಡ ಶಿಕ್ಷೆ. ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳಿಂದ ನಾಟಕ ಆಡಿಸಿದಾಗ, ಗೋಡೆಯ ಒಳಗೂ ಮಾತು ಕಲಿಯುವ ಹಸಿವು ಎಷ್ಟಿದೆ ಅಂತ ಮೈಸೂರಿನವರಿಗೆ ಗೊತ್ತಾಯಿತು. ಬಂಧನದಲ್ಲಿದ್ದವನಿಗೆ ಓದು ಬರಹದ ಹಕ್ಕು ಹೋಗುವುದಿಲ್ಲ. ಮುಂಬಯಿಯ ಜೈಲಿನಲ್ಲಿದ್ದ ಪ್ರಭಾಕರ ಪಾಂಡುರಂಗ ಸಂಝಗಿರಿ ಅನ್ನುವವರು ಅಣುವಿನ ಬಗ್ಗೆ ಮರಾಠಿಯಲ್ಲಿ ವಿಜ್ಞಾನದ ಪುಸ್ತಕ ಬರೆದರು. ಸರ್ಕಾರ ಹಸ್ತಪ್ರತಿ ಹೊರಗೆ ಹೋಗಲು ಬಿಡಲಿಲ್ಲ. ಬಿಡಬೇಕು ಅಂತ 1965ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಕೊಡುವಾಗ ಆರಿಸಿ ಕೊಡಿ. ದೊಡ್ಡ ಅಕ್ಷರದ ಕತೆ, ಕಾದಂಬರಿ, ನಿಘಂಟು, ಅಕ್ಷರ ಕಲಿಸುವ ಪುಸ್ತಕ, ತಮಿಳು, ತೆಲುಗು, ಉರ್ದು, ಹಿಂದಿ ಇದ್ದರೆ ಅವನ್ನೂ ಸೇರಿಸಿ, ಒಳಗೆ ಎಲ್ಲ ಭಾಷೆಯವರೂ ಇರುತ್ತಾರೆ. ಕಾನೂನಿನ ಹಳೆಯ ಪುಸ್ತಕ ಕೊಡಬೇಡಿ, ದಂಡಸಂಹಿತೆಗಳೆಲ್ಲ 2024ರ ಜುಲೈ 1ರಿಂದ ಬದಲಾಗಿವೆ. ಅದರ ಬದಲು ಒಂದು ಪುಟ ಅಚ್ಚು ಹಾಕಿಸಿ ಪ್ರತಿ ಪುಸ್ತಕದ ಒಳರಟ್ಟಿಗೆ ಅಂಟಿಸಲು ಸಾಧ್ಯವೇ ಅಂತ ಅಧೀಕ್ಷಕರನ್ನು ಕೇಳಿ. ಆ ಪುಟದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಪ್ರಕರಣ ಇರಲಿ. ಆರೋಪಿಸಿದ ಅಪರಾಧದ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗೆ ಕಳೆದ ವಿಚಾರಣಾಧೀನರು ಜಾಮೀನಿಗೆ ಅರ್ಹರು. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವರಿಗೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಮತ್ತು ಒಂದಕ್ಕಿಂತ ಹೆಚ್ಚು ಮೊಕದ್ದಮೆ ಬಾಕಿ ಇರುವವರಿಗೆ ಇದು ಅನ್ವಯಿಸುವುದಿಲ್ಲ. ಅವಧಿ ತುಂಬಿದ ಕೂಡಲೇ ನ್ಯಾಯಾಲಯಕ್ಕೆ ಬರೆಯುವುದು ಜೈಲು ಅಧೀಕ್ಷಕರ ಕರ್ತವ್ಯ ಅಂತಲೂ ಅದರಲ್ಲೇ ಇದೆ. ಹಳೆಯ ಮೊಕದ್ದಮೆಗಳಿಗೂ ಇದು ಅನ್ವಯ ಅಂತ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಉಳಿದ ಪುಸ್ತಕಗಳನ್ನು ಮೇಲೆ ಕಾಗದ ಬರೆದಿರುವ ಮದ್ದೂರಿನ ಹುಡುಗರಿಗೆ ಕೊಡುವುದಾದರೆ ಪತ್ರಿಕೆಯ ವಿಳಾಸಕ್ಕೆ ತಿಳಿಸಿ, ಅವರಿಗೆ ಸುದ್ದಿ ಮುಟ್ಟಿಸುತ್ತೇನೆ. ಒಂದು ಷರತ್ತು ಹಾಕಿ: ಪಂಚಾಯಿತಿಯ ದಾಸ್ತಾನು ಪುಸ್ತಕದಲ್ಲಿ ಪ್ರತಿಯೊಂದಕ್ಕೂ ನಂಬರ್ ಬಿದ್ದು, ಸ್ವೀಕೃತಿಯ ನಕಲು ನಿಮಗೆ ಬರಬೇಕು. ನೀವು ಅಂಚೆಯವರು, ಸ್ವೀಕೃತಿಯ ಬೆಲೆ ನಿಮಗೆ ಹೇಳಿಕೊಡಬೇಕಿಲ್ಲ.